ಕ್ಯಾಂಡಿಯಲ್ಲಿ ಇತಿಹಾಸ ಓದುವ ಹುಡುಗಿಯರು

ಶ್ರೀಲಂಕಾದಲ್ಲಿ ನಾನು ನೋಡಬೇಕಾಗಿದ್ದ ಹನ್ನೊಂದು ಸ್ಥಳಗಳಲ್ಲಿ ಒಂಬತ್ತನ್ನು ನೋಡಲೇ ಇಲ್ಲ. ಮೈಸೂರಿನ ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಪಾಪ, ಅಷ್ಟು ದೂರ ಹೋಗಿ ಕಾಲು ಉಳುಕಿಸಿಕೊಂಡು ಕೂತು ಬಂದಳಂತೆ ಎಂದು ಮರುಗುತ್ತಾರೆ. ಜೊತೆಗೆ ಬಂದವರ ಫೋನುಗಳಲ್ಲಿ ಬೋಧಿವೃಕ್ಷವಿದೆ, ಬಂಡೆಯ ಮೇಲಿನ ಕೋಟೆಯಿದೆ, ಮಲಗಿದ ಬುದ್ಧನಿದ್ದಾನೆ. ನನ್ನ ಫೋನಿನಲ್ಲಿರುವುದು ಒಂದು ವರಾಂಡ, ಒಂದು ಹೊಲಿಗೆ ಯಂತ್ರ, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿರುವ ಇಬ್ಬರು ಹುಡುಗಿಯರು. ಮರುಗುವವರಿಗೆ ನಾನೇನೂ ಹೇಳಲು ಹೋಗುವುದಿಲ್ಲ. ಹೇಳಬೇಕೆಂದರೆ ಇಷ್ಟುದ್ದ ಹೇಳಬೇಕಾಗುತ್ತದೆ.

ದೇವರಾಜ ಮೊಹಲ್ಲಾದ ಒಂದು ಓಣಿಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಗಂಡ ಸಿದ್ದರಾಜು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನಮ್ಮಿಬ್ಬರ ಹೆತ್ತವರೂ ನಂಜನಗೂಡಿನ ಆಚೆಯ ಹಳ್ಳಿಗಳಿಂದ ಬಂದು ಮೈಸೂರು ಸೇರಿದವರು. ಬುದ್ಧನ ದಾರಿ ಹಿಡಿದದ್ದು ನಮ್ಮಪ್ಪನ ಕಾಲದಲ್ಲಿ. ಬಡಾವಣೆಯ ಪುಟ್ಟ ಬುದ್ಧ ವಿಹಾರದಿಂದ ಇಪ್ಪತ್ತೆರಡು ಜನ ಶ್ರೀಲಂಕಾ ಯಾತ್ರೆಗೆ ಹೊರಟಾಗ ನನ್ನ ಹೆಸರನ್ನೂ ಸೇರಿಸಿದವಳು ಮಗಳು ಸುಜಾತ.

ಹೊರಡುವ ಹಿಂದಿನ ದಿನ ಆ ಮಗಳ ಜೊತೆಯೇ ಜಗಳವಾಯಿತು. ಬಿ.ಎ. ಮುಗಿಸಿದ್ದ ಅವಳಿಗೆ ನಮ್ಮೂರಿನ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಎಂ.ಎ.ಗೆ ಸೀಟು ಸಿಕ್ಕಿತ್ತು. ಬ್ಯಾಂಕ್ ಪರೀಕ್ಷೆಗೆ ತಯಾರಾಗಲಿ, ಇಲ್ಲವೇ ಬಿ.ಎಡ್. ಮಾಡಲಿ ಎಂದು ಅವರಪ್ಪನ ಹಟ. ನನಗೂ ಅದೇ ಸರಿ ಅನ್ನಿಸಿತ್ತು. ಅವಳು ಅಳಲಿಲ್ಲ, ವಾದ ಮಾಡಿದಳು. ಕೊನೆಗೆ ನಾನೇ ಬೇಸತ್ತು ಒಂದು ಮಾತು ಅಂದೆ.

"ಮೈಸೂರಲ್ಲಿ ಇತಿಹಾಸ ಅಂದ್ರೆ ಅರಮನೆ ಕಣಮ್ಮ. ನಮಗ್ಯಾವ ಇತಿಹಾಸ?"

ಅವಳು ಎದ್ದು ಒಳಗೆ ಹೋದಳು. ಸೀಟು ಖಾತ್ರಿ ಮಾಡಲು ಕೊನೆಯ ದಿನ ನಾನು ವಾಪಸು ಬಂದ ಮರುದಿನವೇ ಇತ್ತು. ಅಮ್ಮ ಬಂದ ಮೇಲೆ ನೋಡೋಣ ಎಂದು ಅವರಪ್ಪ ಮಾತು ಮುಗಿಸಿದರು.

ಕೊಲಂಬೊದಿಂದ ಮೇಲಕ್ಕೆ

ವಿಮಾನದಲ್ಲಿ ನೀರು ಕೇಳಿ ಕುಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿತ್ತು. ಮೈಸೂರಿನಿಂದ ಬೆಂಗಳೂರಿಗೆ ಹಿಡಿದ ಸಮಯದ ಅರ್ಧವೂ ಹಿಡಿಯಲಿಲ್ಲ. ಪರದೇಶಕ್ಕೆ ಬಂದೆ ಅನ್ನಿಸಲೇ ಇಲ್ಲ. ಅದೇ ತೆಂಗು, ಅದೇ ಬಾಳೆ, ಅದೇ ಆಟೋಗಳು. ಆದರೆ ಆಟೋದವರು ಹಾರ್ನ್ ಮಾಡುವುದಿಲ್ಲ. ಹೆಂಗಸರು ರಸ್ತೆ ದಾಟಲು ನಿಂತರೆ ಬಸ್ಸು ನಿಲ್ಲುತ್ತದೆ. ನಾವು ಇಪ್ಪತ್ತೆರಡು ಜನ ಮೊದಲ ದಿನವೆಲ್ಲ ಅದಕ್ಕೆ ಹೊಂದಿಕೊಳ್ಳಲಾಗದೆ, ಬಸ್ಸು ನಿಂತಷ್ಟೂ ಹೊತ್ತು ನಾವೂ ನಿಂತುಬಿಡುತ್ತಿದ್ದೆವು.

ಅಂಗಡಿ ಬೋರ್ಡುಗಳ ಸಿಂಹಳ ಅಕ್ಷರ ನಮ್ಮ ಕನ್ನಡದ ಹಾಗೆ ದುಂಡು. ದೂರದಿಂದ ಇನ್ನೇನು ಓದಿಬಿಡುತ್ತೇನೆ ಅನ್ನಿಸುತ್ತದೆ. ಹತ್ತಿರ ಹೋದರೆ ಒಂದಕ್ಷರವೂ ಕೈಗೆ ಸಿಗುವುದಿಲ್ಲ. ಅದರ ಕೆಳಗೆ ತಮಿಳು ಇರುತ್ತದೆ. ನಾನು ಹುಟ್ಟಿ ಬೆಳೆದದ್ದು ಲಷ್ಕರ್ ಮೊಹಲ್ಲಾದಲ್ಲಿ. ನಮ್ಮ ವಠಾರದ ಅರ್ಧ ಮನೆಗಳಲ್ಲಿ ತಮಿಳು ಮಾತಾಡುತ್ತಿದ್ದರು. ಓದಲು ಬಾರದಿದ್ದರೂ ಮಾತು ನಾಲಿಗೆಯ ಮೇಲಿತ್ತು. ಅದು ಇಷ್ಟು ವರ್ಷಗಳ ಮೇಲೆ ಕೆಲಸಕ್ಕೆ ಬಂದದ್ದು ಸಮುದ್ರದಾಚೆ.

ಕೆರೆ ಪಕ್ಕದ ಮೆಟ್ಟಿಲು

ಕ್ಯಾಂಡಿ ಬೆಟ್ಟಗಳ ಬಟ್ಟಲಿನೊಳಗಿನ ಊರು. ನಡುವೆ ಕೆರೆ, ಕೆರೆಯ ದಂಡೆಯಲ್ಲಿ ಬುದ್ಧನ ದಂತವಿರುವ ದೇಗುಲ. ಎಲ್ಲರೂ ಬಿಳಿ ಉಟ್ಟು ತಾವರೆ ಹೂ ಹಿಡಿದು ಸಾಲಾಗಿ ಹೋಗುತ್ತಿದ್ದರು. ನೂಕುನುಗ್ಗಲಿಲ್ಲ, ಕೂಗಾಟವಿಲ್ಲ. ಮಳೆ ಬಂದು ನಿಂತಿತ್ತು. ಅಲ್ಲಿಯ ಹೆಂಗಸರು ಸೀರೆ ಉಡುವಾಗ ಸೊಂಟದ ಸುತ್ತ ಒಂದು ನೆರಿಗೆಯ ಅಂಚು ಹೊರಬರುವಂತೆ ಮಡಿಸುತ್ತಾರೆ. ಅದನ್ನು ಸೀರೆಯಲ್ಲೇ ಮಾಡುತ್ತಾರೋ, ಬೇರೆ ಹೊಲಿದು ಸೇರಿಸುತ್ತಾರೋ ಎಂದು ನನಗೆ ಹಿಂದಿನ ದಿನದಿಂದಲೂ ತಲೆ ಕೊರೆಯುತ್ತಿತ್ತು. ಮುಂದೆ ಹೋಗುತ್ತಿದ್ದವರ ನೆರಿಗೆಯ ಮೇಲೆ ಕಣ್ಣಿಟ್ಟು ನಡೆದೆ. ಒದ್ದೆ ಕಲ್ಲಿನ ಮೆಟ್ಟಿಲು ಕಾಣಲಿಲ್ಲ. ಬಲಗಾಲು ತಿರುಚಿಕೊಂಡಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ನಾಲ್ಕು ದಿನ ನಡೆಯಬೇಡಿ ಎಂದು ಕಟ್ಟು ಹಾಕಿ ಕಳಿಸಿದರು. ಯಾತ್ರೆಯ ಮುಖಂಡರು ಶಿವಮಲ್ಲು ಅನ್ನುವವರು. ನನಗಿಂತ ಅವರ ಮುಖವೇ ಸಪ್ಪಗಾಗಿತ್ತು. ಉಳಿದವರೆಲ್ಲ ಅನುರಾಧಪುರಕ್ಕೆ ಹೊರಡಬೇಕಿತ್ತು.

"ನೀವು ಇಲ್ಲೇ ಇದ್ಬುಡಿ ಕಣಕ್ಕ. ನಾಕ್ ದಿನ ಅಷ್ಟೇಯ, ಬಂದ್ಬುಡ್ತೀವಿ" ಅಂದರು.

ಅವರೇ ವಿಚಾರಿಸಿ, ಬೆಟ್ಟದ ಓರೆಯಲ್ಲಿದ್ದ ಒಂದು ಮನೆಯಲ್ಲಿ ನನ್ನನ್ನು ಬಿಟ್ಟುಹೋದರು. ಕುಸುಮಾ ಎಂಬ ವಿಧವೆಯ ಮನೆ. ವಿಶ್ವವಿದ್ಯಾನಿಲಯದ ಹುಡುಗಿಯರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ಬಸ್ಸು ಹೋದ ಮೇಲೆ ವರಾಂಡದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ನನ್ನ ಯಾತ್ರೆ ಮುಗಿಯಿತು ಅಂದುಕೊಂಡೆ.

ಕುಸುಮಾ ಅವರ ವರಾಂಡ

ಆ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಬಗನಿ ಮರದ ರಸದಿಂದ ಮಾಡಿದ ಬೆಲ್ಲದ ತುಂಡನ್ನು ಅಂಗೈ ಮೇಲಿಟ್ಟುಕೊಂಡು, ಒಂದು ಕಡಿ, ಒಂದು ಗುಟುಕು. ಬೆಳಿಗ್ಗೆ ನಮ್ಮ ಒತ್ತು ಶಾವಿಗೆಯದೇ ತಮ್ಮನಂಥ ಒಂದು ತಿಂಡಿ, ಜೊತೆಗೆ ಕೆಂಪು ಮೆಣಸಿನಕಾಯಿಯ ತೆಂಗಿನ ಚಟ್ನಿ. ಕುಸುಮಾ ಅವರಿಗೆ ಸಿಂಹಳ ಬಿಟ್ಟು ಬೇರೆ ಬಾರದು. ನನಗೆ ಸಿಂಹಳ ಬಾರದು. ಆದರೂ ಮಧ್ಯಾಹ್ನದೊಳಗೆ ಅವರ ಹಳೆಯ ಹೊಲಿಗೆ ಯಂತ್ರ ನನ್ನ ಮುಂದೆ ಬಂತು, ಸೊಂಟದ ನೆರಿಗೆಯ ಗುಟ್ಟೂ ಬಿಚ್ಚಿತು. ಅದು ಸೀರೆಯದೇ ಮಡಿಕೆಯಂತೆ, ಹೊಲಿಗೆಯಲ್ಲ. ನನ್ನ ಬಲಗಾಲಿಗೆ ಕಟ್ಟು. ಎಡಗಾಲಿನಲ್ಲೇ ತುಳಿದು ಅವರ ರವಿಕೆಗೆ ತೋಳು ಕೂರಿಸಿದೆ. ಹೊಲಿಗೆ ಹಾವಿನಂತೆ ಹೋಯಿತು. ಕುಸುಮಾ ಅದನ್ನು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿದರು. ಅಷ್ಟು ಮರ್ಯಾದಸ್ಥರು.

ಸಂಜೆ ಇಬ್ಬರು ಹುಡುಗಿಯರು ಕೊಡೆ ಮಡಿಸುತ್ತ ಬಂದರು. ಒಬ್ಬಳು ನಿಲ್ಮಿನಿ, ಕುರುನೇಗಲದ ಕಡೆಯವಳು, ಸಿಂಹಳೀಯಳು. ಇನ್ನೊಬ್ಬಳು ಯಾಳಿನಿ, ಉತ್ತರದ ಕಿಳಿನೊಚ್ಚಿ ಕಡೆಯ ತಮಿಳು ಹುಡುಗಿ. ಒಂದೇ ಕೋಣೆ, ಒಂದೇ ತರಗತಿ, ಇಬ್ಬರೂ ಓದುತ್ತಿದ್ದದ್ದು ಇತಿಹಾಸ. ನಾನು ತಮಿಳಿನಲ್ಲಿ ಬಾಯಿ ತೆರೆದ ಕೂಡಲೇ ಯಾಳಿನಿ ನಕ್ಕಳು. ನನ್ನದು ಮಾರ್ಕೆಟ್ ತಮಿಳು, ಅವಳದು ಹಳೆಯ ಕಾಲದ ಅಚ್ಚುಕಟ್ಟು ತಮಿಳು. ಆದರೂ ಆವತ್ತೇ ನಾನು ಅವಳಿಗೆ ಅತ್ತೆಯಾದೆ.

ಮಗಳ ವಿಷಯ ಹೇಳಿದೆ. ಇತಿಹಾಸ ಓದಿ ಏನು ಮಾಡುತ್ತೀರಿ ಎಂದೂ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಈ ಪ್ರಶ್ನೆಯನ್ನು ಅವರ ಮನೆಗಳಲ್ಲೂ ಕೇಳಿರಬೇಕು.

ಯಾಳಿನಿ ಉತ್ತರ ಕೊಟ್ಟಳು. ಉತ್ತರದಲ್ಲಿ ಸೈನ್ಯಕ್ಕೂ ತಮಿಳು ಹೋರಾಟಗಾರರಿಗೂ ನಡೆದ ಯುದ್ಧ ಮುಗಿದಾಗ ಇಬ್ಬರೂ ಚಿಕ್ಕ ಮಕ್ಕಳು. ಅವಳ ಮನೆಯಲ್ಲಿ ಕೇಳಿದ ಯುದ್ಧವೇ ಬೇರೆ, ನಿಲ್ಮಿನಿಯ ಮನೆಯಲ್ಲಿ ಕೇಳಿದ್ದೇ ಬೇರೆ. ನಿಲ್ಮಿನಿಯ ಅಪ್ಪ ಸೈನಿಕ. ಯಾಳಿನಿಯ ಊರಿನ ಕಡೆಯಲ್ಲೇ ನೆಲಬಾಂಬಿಗೆ ಒಂದು ಕಾಲು ಕಳೆದುಕೊಂಡವರು. ಈ ಕೋಣೆಗೆ ಬಂದ ಮೊದಲ ತಿಂಗಳು ಇಬ್ಬರೂ ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲವಂತೆ.

"ಆಮೇಲೆ?" ಅಂದೆ.

"ಆಮೇಲೆ ನಮ್ಮ ಮೇಡಂ ಒಂದು ಕೆಲಸ ಕೊಟ್ಟರು" ಅಂದಳು. "ನೀವೇ ಬಂದು ನೋಡಿ ಅತ್ತೆ."

ಹೊಳೆ ದಂಡೆಯ ತರಗತಿ

ಮೈಸೂರಿನಲ್ಲಿ ನಾನು ವಾರಕ್ಕೆರಡು ದಿನ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುತ್ತೇನೆ. ಪಕ್ಕದಲ್ಲೇ ವಿಶ್ವವಿದ್ಯಾನಿಲಯ. ಒಳಗೆ ತರಗತಿಯಲ್ಲಿ ಏನು ನಡೆಯುತ್ತದೆಂದು ಒಂದು ದಿನವೂ ಇಣುಕಿದವಳಲ್ಲ. ಅಂಥ ನಾನು ಶುಕ್ರವಾರ ಬೆಳಿಗ್ಗೆ ಆಟೋದಿಂದ ಇಳಿದು, ಎರಡೂ ಕಡೆ ಇಬ್ಬರು ಹುಡುಗಿಯರ ಭುಜ ಹಿಡಿದು, ಮಹಾವೆಲಿ ಹೊಳೆಯ ದಂಡೆಯ ಒಂದು ವಿಶ್ವವಿದ್ಯಾನಿಲಯದೊಳಗೆ ಕುಂಟುತ್ತ ಹೋದೆ. ಕೊಡೆಯಂತೆ ಹರಡಿದ ದೊಡ್ಡ ಮರಗಳು. ಮರದಡಿ ಓದುತ್ತ ಕೂತವರು ನನ್ನ ಕಾಲು ನೋಡಿ ಎದ್ದು ದಾರಿ ಬಿಟ್ಟರು.

ಪಾಠ ಮಾಡುವ ಮೇಡಂಗೆ ಅರವತ್ತರ ಹತ್ತಿರ. ಹಿಂದಿನ ಬೆಂಚಿನಲ್ಲಿ ನನ್ನನ್ನು ಕೂರಿಸಿ, ಕಾಲಿಡಲು ಇನ್ನೊಂದು ಕುರ್ಚಿ ತಾವೇ ಎಳೆದುಕೊಟ್ಟರು. ಆವತ್ತಿನ ಪಾಠ ಬ್ರಿಟಿಷರ ಕಾಲದ ಎರಡು ಕಾಗದಗಳ ಮೇಲೆ. ಒಂದು ಒಬ್ಬ ಅಧಿಕಾರಿ ಬರೆದದ್ದು. ಆ ಹಳ್ಳಿಯ ಜನ ಮೈಗಳ್ಳರು, ರಸ್ತೆ ಕೆಲಸಕ್ಕೆ ಕರೆದರೆ ಬರುವುದಿಲ್ಲ ಎಂದು. ಇನ್ನೊಂದು, ಆ ಕೆಲಸದಿಂದ ನಮ್ಮನ್ನು ಬಿಡಿ ಎಂದು ಅದೇ ಹಳ್ಳಿಯವರು ಬರೆದ ಅರ್ಜಿ. ಪಾಠ ಇಂಗ್ಲಿಷಿನಲ್ಲಿತ್ತು. ನನಗೆ ತಿಳಿಯದ್ದನ್ನು ಯಾಳಿನಿ ಕಿವಿಯಲ್ಲಿ ಹೇಳುತ್ತಿದ್ದಳು. ಯಾರು ಹೇಳಿದ್ದು ನಿಜ ಎಂದು ಮೇಡಂ ಕೇಳಲಿಲ್ಲ. ಈ ಮನುಷ್ಯ ಎಲ್ಲಿ ನಿಂತು ನೋಡುತ್ತಿದ್ದ, ಅಲ್ಲಿಂದ ಅವನಿಗೆ ಏನು ಕಾಣುತ್ತಿರಲಿಲ್ಲ, ಇಷ್ಟೇ ಅವರ ಪ್ರಶ್ನೆ. ಒಬ್ಬ ಹುಡುಗ ಎದ್ದು, ಕಾಗದ ಬರೆದದ್ದು ಬಿತ್ತನೆಯ ತಿಂಗಳಲ್ಲಿ ಅಂದ. ಕುದುರೆಯ ಮೇಲೆ ಬಂದ ಅಧಿಕಾರಿಗೆ ಬಿತ್ತನೆಯ ತರಾತುರಿ ಕಾಣಿಸಿರಲಿಕ್ಕಿಲ್ಲ ಅಂದ. ತರಗತಿಯೆಲ್ಲ ಆ ಹಾಳೆಯ ಮೇಲೆ ಮತ್ತೆ ಬಗ್ಗಿತು.

ನನಗೆ ನಮ್ಮ ತಾತ ನೆನಪಾದರು. ಕಂಡವರ ಹೊಲದಲ್ಲಿ ಜೀವಮಾನವೆಲ್ಲ ದುಡಿದವರು. ಅವರನ್ನು ಮೈಗಳ್ಳ ಎಂದಾದರೂ ಯಾರಾದರೂ ಒಂದು ಕಾಗದದಲ್ಲಿ ಬರೆದಿದ್ದಾರೋ ಇಲ್ಲವೋ. ಬರೆದಿದ್ದರೆ ಅದನ್ನು ಹುಡುಕಿ, ಆ ತಿಂಗಳು ಯಾವುದೆಂದು ನೋಡುವವರು ಬೇಕಲ್ಲ. ಆ ಕೆಲಸ ಮಾಡುತ್ತೇನೆ ಎಂದವಳಿಗೆ ನಾನು ಅರಮನೆ ತೋರಿಸಿದ್ದೆ. ಬೆಂಚಿನಲ್ಲಿ ಕೂತಿದ್ದಂತೆಯೇ ಮುಖ ಬಿಸಿಯಾಯಿತು.

ಪಾಠ ಮುಗಿದ ಮೇಲೆ ಮೇಡಂ ಬಂದು ಪಕ್ಕದಲ್ಲಿ ಕೂತರು. ಇದನ್ನು ಓದಿದವರಿಗೆ ಕೆಲಸ ಸಿಗುತ್ತದೆಯೇ ಎಂದು ಯಾಳಿನಿಯ ಮೂಲಕ ಕೇಳಿದೆ. ಸುಳ್ಳು ಹೇಳಲಾರೆ ಅಂದರು. ಕೆಲವರು ಮೇಷ್ಟರಾಗುತ್ತಾರೆ, ಕೆಲವರು ಬ್ಯಾಂಕು ಸೇರುತ್ತಾರೆ, ಒಬ್ಬ ಹೋಟೆಲು ನಡೆಸುತ್ತಾನೆ, ಕೆಲವರು ಬಹಳ ದಿನ ಅಲೆಯುತ್ತಾರೆ. "ಆದರೆ ನನ್ನ ತರಗತಿಯಿಂದ ಹೋದವರು ಯಾರ ಮಾತನ್ನೂ ಕೇಳಿದ ಕೂಡಲೇ ನಂಬುವುದಿಲ್ಲ. ಕೇಳದೆ ತಳ್ಳಿಹಾಕುವುದೂ ಇಲ್ಲ" ಅಂದರು. ನನಗೆ ಗಿರಾಕಿಗಳ ಅಳತೆ ನೆನಪಾಯಿತು. ಬಾಯಲ್ಲಿ ಹೇಳಿದ ಅಳತೆಗೆ ನಾನು ಎಂದೂ ಬಟ್ಟೆ ಕತ್ತರಿಸಿದವಳಲ್ಲ.

ಅವರು ಹುಡುಗಿಯರಿಗೆ ಕೊಟ್ಟಿದ್ದ ಕೆಲಸ ಇದು. ಯುದ್ಧ ಕಂಡ ಒಬ್ಬರ ಮಾತನ್ನು ಕೇಳಿ ಬರೆದು ತರಬೇಕು. ತಮ್ಮ ಮನೆಯವರದ್ದಲ್ಲ, ಗೆಳತಿಯ ಮನೆಯವರದ್ದು. ನಿಲ್ಮಿನಿ ಉತ್ತರಕ್ಕೆ ಹೋಗಿ, ಯಾಳಿನಿಯ ಅಮ್ಮನ ಅಡುಗೆಮನೆಯಲ್ಲಿ ಮೂರು ದಿನ ಕೂತು ಬರೆದು ತಂದಿದ್ದಳು. ನಿಲ್ಮಿನಿಯ ಅಪ್ಪ ಮಾತ್ರ ಎರಡು ಸಲ ಆಗುವುದಿಲ್ಲ ಅಂದಿದ್ದರು. ಮೂರನೆಯ ಸಲ, ಈ ಭಾನುವಾರ ಬರುತ್ತೇನೆ ಅಂದಿದ್ದರು.

ಭಾನುವಾರ

ಅವರು ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತು ಬಂದರು. ಹೆಸರು ಸುನಿಲ್. ಐವತ್ತರ ಮೇಲಿನ, ಕಡಿಮೆ ಮಾತಿನ ಮನುಷ್ಯ. ವರಾಂಡದ ಕೆಳಗೆ ನಿಂತು ಶೂ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. ಒಂದು ಕಾಲು ಪ್ಲಾಸ್ಟಿಕ್ಕಿನದು. ನನ್ನ ಕಟ್ಟು ಕಂಡು, ನಾವಿಬ್ಬರೂ ಒಂದೇ ಪಕ್ಷ ಎನ್ನುವ ಹಾಗೆ ಕೈಸನ್ನೆ ಮಾಡಿ ನಕ್ಕರು. ಯಾಳಿನಿಯನ್ನು 'ದುವ' ಎಂದು ಕರೆದರು. ಸಿಂಹಳದಲ್ಲಿ ಹಾಗೆಂದರೆ ಮಗಳು.

ನಾನು ಒಳಗೆ ಹೋಗುತ್ತೇನೆ ಅಂದೆ. ಬೇಡ, ಇರಲಿ ಎಂದವರು ಅವರೇ. ಯಾಳಿನಿ ನೋಟ್‌ಬುಕ್ ತೆರೆದು ಚಾಪೆಯ ಮೇಲೆ ಕೂತಳು. ಅಪ್ಪ ಸಿಂಹಳದಲ್ಲಿ ಹೇಳುವುದು, ಮಗಳು ಇಂಗ್ಲಿಷಿಗೆ ತಿರುಗಿಸುವುದು. ನನಗೆ ಅರ್ಧ ಆಗಲೇ ತಿಳಿಯಿತು, ಉಳಿದರ್ಧವನ್ನು ಯಾಳಿನಿ ಆಮೇಲೆ ಹೇಳಿದಳು.

ಯುದ್ಧದ ಕೊನೆಯ ದಿನಗಳಲ್ಲಿ ಅವರ ತುಕಡಿ ಒಂದು ಹಳ್ಳಿಗೆ ಹೋಯಿತಂತೆ. ಊರು ಖಾಲಿಯಾಗಿ ವಾರವಾಯಿತು, ಯಾರೂ ಇಲ್ಲ ಎಂದು ಮೇಲಿನವರು ಹೇಳಿದ್ದರು. ನಿಜವಾಗಿಯೂ ಯಾರೂ ಕಾಣಲಿಲ್ಲ. ಒಂದು ಮನೆಯ ಒಲೆಯ ಮೇಲೆ ಅನ್ನದ ಪಾತ್ರೆ ಇತ್ತು. ಎರಡು ದಿನದಿಂದ ಊಟವಿರಲಿಲ್ಲ. ಐದು ಜನ ಕೂತು ತಿಂದರು.

ಯಾಳಿನಿ ಬರೆಯುತ್ತ ಕೇಳಿದಳು, ಅನ್ನ ಹೇಗಿತ್ತು ಎಂದು.

ತಣ್ಣಗಿತ್ತು ಅಂದರು.

ಅವಳು ಹಾಗೆಯೇ ಬರೆದಳು. ಇನ್ನೂ ಬಹಳ ಕೇಳಿದಳು: ಆ ಮನೆಯ ಬಾಗಿಲು ಯಾವ ಕಡೆಗಿತ್ತು, ಬಾವಿ ಇತ್ತೇ, ನಾಯಿಗಳಿದ್ದವೇ. ಮುಗಿದ ಮೇಲೆ ಬರೆದದ್ದನ್ನೆಲ್ಲ ಓದಿ ಹೇಳಿ, ಹಾಳೆಗಳನ್ನು ಅವರ ಕೈಗೆ ಕೊಟ್ಟಳು. ಇದು ನಿಮ್ಮ ಮಾತು, ಬೇಡವೆಂದರೆ ನಾನು ಬಳಸುವುದಿಲ್ಲ ಅಂದಳು. ಏನು ಮಾಡಲಿ ಎಂಬಂತೆ ಅವರು ಮಗಳನ್ನು ನೋಡಿದರು. ನಿಲ್ಮಿನಿ ತಲೆ ತಗ್ಗಿಸಿದಳು.

ಹಾಳೆಗಳನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಅವರು ಊಟಕ್ಕೆ ಎದ್ದರು. ಊಟವೆಲ್ಲ ಹಲಸಿನ ಮಾತು, ತೆಂಗಿನ ರೋಗದ ಮಾತು. ಮೂರು ಗಂಟೆಗೆ ಆಟೋ ಬಂತು. ಅವರು ಕೆಳಗಿಳಿದು ಶೂ ಹಾಕಿಕೊಂಡರು, ಲೇಸು ಕಟ್ಟಿದರು. ಹಾಗೆಯೇ ಸ್ವಲ್ಪ ಹೊತ್ತು ಬಗ್ಗಿ ಕೂತಿದ್ದರು. ಮತ್ತೆ ಲೇಸು ಬಿಚ್ಚಿದರು. ವರಾಂಡ ಹತ್ತಿ ಬಂದು, ಜೇಬಿನಿಂದ ಹಾಳೆ ತೆಗೆದು ಯಾಳಿನಿಯ ಮುಂದೆ ಹಿಡಿದು ಒಂದು ಮಾತು ಹೇಳಿದರು. ನಿಲ್ಮಿನಿ ಅದನ್ನು ತಿರುಗಿಸಿ ಹೇಳಲಿಲ್ಲ. ಆದರೆ ಯಾಳಿನಿಗೆ ಅಷ್ಟು ಸಿಂಹಳ ಬರುತ್ತಿತ್ತು. ನನ್ನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದಳು:

"ಅನ್ನ ಬಿಸಿ ಇತ್ತಂತೆ ಅತ್ತೆ. ತಿದ್ದು ಅನ್ನುತ್ತಿದ್ದಾರೆ."

ಅವಳು 'ತಣ್ಣಗಿತ್ತು' ಎಂಬುದನ್ನು ಅಳಿಸಲಿಲ್ಲ. ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ 'ಬಿಸಿ ಇತ್ತು' ಎಂದು ಬರೆದು, ಅವರಿಂದ ಅಲ್ಲೊಂದು ಸಹಿ ಮಾಡಿಸಿದಳು. ಸುನಿಲ್ ಅವಳ ತಲೆಯ ಮೇಲೆ ಕೈಯಿಟ್ಟು, ಇಳಿದು, ಮತ್ತೆ ಶೂ ಹಾಕಿಕೊಂಡು ಹೋದರು. ನಿಲ್ಮಿನಿ ಬೆಟ್ಟದ ತಿರುವಿನವರೆಗೂ ಆಟೋದ ಪಕ್ಕದಲ್ಲೇ ನಡೆದುಹೋದಳು.

ಹಣ್ಣು ಬಿಡಿಸುತ್ತ ಕೂತಿದ್ದಾಗ ಯಾಳಿನಿಯನ್ನು ಕೇಳಿದೆ, ನಿನಗೆ ಕೋಪ ಬರಲಿಲ್ಲವೇ ಎಂದು.

"ಇದೆ ಅತ್ತೆ" ಅಂದಳು. "ಅದು ನಮ್ಮ ಮನೆಯಲ್ಲ, ನಮ್ಮೂರೂ ಅಲ್ಲ. ಆದರೆ ಯಾರದೋ ಮನೆ. ಅನ್ನ ಬಿಸಿ ಇತ್ತೆಂದರೆ ಆಗಷ್ಟೇ ಅಲ್ಲಿ ಯಾರೋ ಇದ್ದರು. ತಣ್ಣಗಿತ್ತು ಅಂದಾಗಲೇ ನನಗೆ ಅನುಮಾನ ಬಂತು. ವಾರದ ಹಿಂದಿನ ಅನ್ನ ಆ ಸೆಕೆಯಲ್ಲಿ ತಿನ್ನುವ ಹಾಗಿರುತ್ತದಾ? ಆಗಲೇ ಹಾಗೆ ಕೇಳಿಬಿಟ್ಟಿದ್ದರೆ ಅವರು ಜಗಳ ಆಡುತ್ತಿದ್ದರು, ಇಲ್ಲ ಎದ್ದು ಹೋಗುತ್ತಿದ್ದರು. ಕಾಯುವುದನ್ನು ನಾನು ಇಲ್ಲಿ ಕಲಿತೆ."

ಇಪ್ಪತ್ತೆರಡು ವರ್ಷದ ಹುಡುಗಿ. ಅವಳ ವಯಸ್ಸಿನಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ, ಈಗಲೂ ಇಲ್ಲ. ಆ ಸಂಜೆ ನಮ್ಮ ಬಸ್ಸು ಬಂತು. ಹೇಗಿತ್ತು ಎಂದು ಕೇಳಿದರೆ ಶಿವಮಲ್ಲು ಒಂದು ಗಂಟೆ ಬೋಧಿವೃಕ್ಷದ ವರ್ಣನೆ ಮಾಡಿದರು. ನಿಮಗೆ ಬೇಜಾರಾಯಿತೇನೋ ಅಂದರು. ಇಲ್ಲ ಅಂದೆ.

ಮೈಸೂರಿನ ಬಸ್ಸಿನಲ್ಲಿ

ಕಾಲಿನ ಕಾರಣಕ್ಕೆ ಸಿದ್ದರಾಜು ರಜೆ ಹಾಕಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಮೈಸೂರಿನ ನೇರ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತೆವು. ರಾಮನಗರ ದಾಟುವವರೆಗೆ ಕಾಲಿನ ಮಾತು. ಆಮೇಲೆ ನಾನು ಕುಸುಮಾ ಅವರ ವರಾಂಡದ ಕಥೆ ಶುರುಮಾಡಿದೆ. ಮದ್ದೂರು ಬರುವ ಹೊತ್ತಿಗೆ ಅನ್ನದ ಪಾತ್ರೆಗೆ ಬಂದಿದ್ದೆ. ಮುಗಿದ ಮೇಲೆ ಅವರು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದರು.

"ನಿಂಗೊಂದ್ ವಿಷ್ಯ ಯೋಳಿಲ್ಲ ನಾನು" ಅಂದರು. "ನನ್ನೆಸ್ರು ಸಿದ್ರಾಜು ಅಲ್ಲ."

ನಾನು ತಿರುಗಿ ನೋಡಿದೆ.

ಅವರ ತಾಯಿಗೆ ಮೊದಲು ಹುಟ್ಟಿದ್ದ ಮೂರು ಕೂಸುಗಳೂ ಉಳಿದಿರಲಿಲ್ಲವಂತೆ. ಇವರು ಹುಟ್ಟಿದಾಗ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಟ್ಟುಹೋದ ಮಗುವೆಂಬಂತೆ ಎತ್ತಿಕೊಂಡು ಬಂದು, ತಿಪ್ಪ ಎಂದು ಹೆಸರಿಟ್ಟರು. ಹಾಗೆ ಮಾಡಿದರೆ ಉಳಿಯುತ್ತದೆಂದು ನಂಬಿಕೆ. ಶಾಲೆಗೆ ಸೇರಿಸುವಾಗ ಮೇಷ್ಟರು, ಮುಂದೆ ಹುಡುಗರು ನಗುತ್ತಾರೆ ಎಂದು ಕರುಣೆಯಿಂದ ಸಿದ್ದರಾಜು ಎಂದು ಬರೆದುಕೊಂಡರು. ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದ್ದೇನೆ. ಅತ್ತೆ ಸಾಯುವವರೆಗೂ ನಮ್ಮ ಜೊತೆಗೇ ಇದ್ದರು. ನನಗೆ ಈ ಸಂಗತಿ ಒಂದು ದಿನವೂ ಗೊತ್ತಿರಲಿಲ್ಲ.

"ಆ ಮೂರು ಮಕ್ಕಳ ಹೆಸರು?" ಎಂದು ಕೇಳಿದೆ.

"ಗೊತ್ತಿಲ್ಲ. ಅವ್ವ ಯೋಳ್ಲಿಲ್ಲ, ನಾನೂ ಕೇಳ್ನಿಲ್ಲ." ಕಿಟಕಿಯಿಂದ ಈ ಕಡೆ ತಿರುಗಿದರು. "ಊರಲ್ಲಿ ನಮ್ ದೊಡ್ಡವ್ವ ಅವ್ಳೆ, ಅವ್ಳಿಗೆ ಗೊತ್ತಿರ್ಬೋದು. ಎಂಬತ್ತು ದಾಟ್ಯದೆ. ಬೇಗ ಓಗ್ಬೇಕು."

ಸೀಟಿನ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಅಷ್ಟರಲ್ಲಿ ತೀರ್ಮಾನವಾಗಿಬಿಟ್ಟಿತ್ತು. ಮರುದಿನ ಬೆಳಿಗ್ಗೆ ಅಪ್ಪನೂ ಮಗಳೂ ಒಟ್ಟಿಗೆ ಸ್ಕೂಟರಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೋಗಿ ಹೆಸರು ಬರೆಸಿ ಬಂದರು.

ಆದರೆ ಆ ದಿನ ಬಸ್ಸು ಶ್ರೀರಂಗಪಟ್ಟಣದ ಸೇತುವೆ ಹತ್ತುತ್ತಿದ್ದಾಗ ಅವರು ಫೋನ್ ತೆಗೆದು ಸುಜಾತಳಿಗೆ ಕರೆ ಮಾಡಿದರು. ಅಮ್ಮನ ಕಾಲು ಹೇಗಿದೆ ಎಂದು ಅವಳು ಕೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

"ಮಗಾ," ಅಂದರು, "ನಿನ್ ಫೋನಲ್ಲಿ ಒಬ್ರು ಮಾತಾಡದ್ನ ಒಂದೇ ಸಲಕ್ಕೆ ಎಷ್ಟೊತ್ತು ರೆಕಾರ್ಡ್ ಮಾಡ್ಬೋದು?"